ಲೊಚ್ ಅಂದವರಿಗೆ ಏನು ಹೇಳಲಿ ಅಕ್ಕಾ?

ಓದುಗರ ಪ್ರಶ್ನೆಗಳಿಗೆ ಕೌಂಟರ್ ಅಕ್ಕನ ಉತ್ತರ

"ಅಂಗಡಿಗೆ ಹೋದಾಗ ಆದ ಮುಜುಗರ ಬರೆದು ಕಳಿಸಿ" ಎಂದು ಹೋದ ಸಂಚಿಕೆಯ ಕೊನೆಯಲ್ಲಿ ಒಂದು ಸಾಲು ಹಾಕಿದ್ದೆ. ನಾಲ್ಕೈದು ಪತ್ರ ಬರಬಹುದು ಅಂದುಕೊಂಡಿದ್ದೆ. ಈಗ ಡ್ರಾಯರ್ ಮುಚ್ಚುತ್ತಿಲ್ಲ. ಹೆಚ್ಚಿನ ಪತ್ರಗಳಲ್ಲಿ ದೂರು ಇರುವುದು ಅಂಗಡಿಯವರ ಮೇಲಲ್ಲ, ಬೇರೆ ಗಿರಾಕಿಗಳ ಮೇಲೆ. ಏನೋ ಕೈಜಾರಿದಾಗ ಮುಖ ಸಿಂಡರಿಸಿದವರು, ಕಾರ್ಡ್ ಕೈಕೊಟ್ಟಾಗ ನಿಟ್ಟುಸಿರು ಬಿಟ್ಟವರು. ಹೆಸರೂ ಗೊತ್ತಿಲ್ಲದವರು.

ಹೊಸ ಓದುಗರಿಗೆ ಒಂದು ಮಾತು. ನಾನು ಮನಶ್ಶಾಸ್ತ್ರ ಕಲಿತವಳಲ್ಲ. 14 ವರ್ಷ ಒಂದು ದೊಡ್ಡ ಅಂಗಡಿಯಲ್ಲಿ ಬಿಲ್ ಹಾಕಿದವಳು. ಮೊದಲ 6 ವರ್ಷ ಕುರ್ಚಿಯೂ ಇರಲಿಲ್ಲ. ಬಿಲ್ ಹಾಕುವವಳ ಕಣ್ಣು ಸಾಮಾನಿನ ಮೇಲಿರುತ್ತದೆ, ಕಿವಿ ಸಾಲಿನ ಮೇಲಿರುತ್ತದೆ. ಯಾರು ಲೊಚಗುಟ್ಟಿದರು ಎಂದು ತಲೆ ಎತ್ತದೆ ಹೇಳಬಲ್ಲೆ. ಓದುವ ಚಟ ಹತ್ತಿದ್ದು ಕೆಲಸ ಬಿಟ್ಟ ಮೇಲೆ.

ಪ್ರಶ್ನೆ: ಅಕ್ಕಾ, ಅಂಗಡಿಯಲ್ಲಿ ಸೋಪಿನ ಡಬ್ಬಗಳನ್ನು ಗೋಪುರದ ಹಾಗೆ ಜೋಡಿಸಿದ್ದರು. ನನ್ನ ಹೆಗಲ ಬ್ಯಾಗ್ ತಗುಲಿ ಅರ್ಧ ಗೋಪುರ ಕೆಳಗೆ ಬಿತ್ತು. ಏನೂ ಒಡೆಯಲಿಲ್ಲ. ಪಕ್ಕದಲ್ಲಿದ್ದ ಒಬ್ಬ ಹೆಂಗಸು ಲೊಚ್ ಅಂತ ಸದ್ದು ಮಾಡಿ, ಜೊತೆಯಲ್ಲಿದ್ದವರಿಗೆ "ನೋಡ್ಕೊಂಡು ಓಡಾಡೋಕೆ ಏನು ಕಷ್ಟ" ಅಂದರು. ನನಗೆ ಹೇಳಲಿಲ್ಲ, ನನಗೆ ಕೇಳಿಸುವ ಹಾಗೆ ಹೇಳಿದರು. ಎಲ್ಲರೂ ನನ್ನನ್ನೇ ನೋಡಿದರು. ಇದಾಗಿ ಮೂರು ವಾರವಾಯಿತು. ಈಗಲೂ ಆ ಕಡೆ ಹೋಗಲು ಮನಸ್ಸು ಬರುತ್ತಿಲ್ಲ. ನಾನು ಅತಿ ಮಾಡುತ್ತಿದ್ದೇನಾ?

ಉತ್ತರ: ಅತಿ ಏನಲ್ಲ. ನಾನಾಗಿದ್ದರೂ ಮೂರು ವಾರ ಬೇರೆ ಅಂಗಡಿ ಹುಡುಕುತ್ತಿದ್ದೆ. ಆದರೆ "ಎಲ್ಲರೂ ನೋಡಿದರು" ಅನ್ನುವುದನ್ನು ಒಪ್ಪುವುದಿಲ್ಲ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಜೊತೆಯವರು ಮಾಡಿದ ಒಂದು ಪ್ರಯೋಗ 2000ದಲ್ಲಿ ಅಚ್ಚಾಯಿತು. ವಿದ್ಯಾರ್ಥಿಗಳಿಗೆ ಹಾಕಿಕೊಳ್ಳಲು ನಾಚಿಕೆಯಾಗುವಂಥ ಟೀ ಶರ್ಟ್ ತೊಡಿಸಿದರು. ಎದೆಯ ಮೇಲೆ ಬ್ಯಾರಿ ಮ್ಯಾನಿಲೋ ಎಂಬ ಗಾಯಕನ ದೊಡ್ಡ ಚಿತ್ರ. ಆ ಹುಡುಗರ ವಯಸ್ಸಿಗೆ ಅದು ಭಾರೀ ಹಳೇ ಫ್ಯಾಷನ್. ಒಬ್ಬೊಬ್ಬರನ್ನೇ, ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಯೊಳಗೆ ಕಳಿಸಿದರು. ಹೊರಗೆ ಬಂದ ಮೇಲೆ "ಎಷ್ಟು ಜನ ನಿನ್ನ ಶರ್ಟ್ ಗಮನಿಸಿರಬಹುದು?" ಎಂದು ಕೇಳಿದರು. ಹೆಚ್ಚುಕಡಿಮೆ ಅರ್ಧ ಜನ ಎಂಬ ಲೆಕ್ಕ ಬಂತು. ನಿಜವಾಗಿ ಗಮನಿಸಿದ್ದವರು ಸುಮಾರು ಕಾಲು ಭಾಗ ಅಷ್ಟೇ.

ಟೀ ಶರ್ಟಿಗೆ ಸದ್ದಿಲ್ಲ, ಡಬ್ಬಕ್ಕೆ ಸದ್ದಿದೆ ಅನ್ನುತ್ತೀರಿ. ನಿಜ, ಸದ್ದಾದಾಗ ತಲೆಗಳು ತಿರುಗುತ್ತವೆ. ಆದರೆ ತಿರುಗಿದ ತಲೆ ಎಷ್ಟು ಬೇಗ ವಾಪಸ್ ಹೋಗುತ್ತದೆ ಎಂದು ಬೀಳಿಸಿದವರಿಗೆ ಗೊತ್ತಾಗುವುದೇ ಇಲ್ಲ. ಅವರು ಆ ಹೊತ್ತಿಗೆ ನೆಲ ನೋಡುತ್ತಿರುತ್ತಾರೆ. ನಾನು ಕೌಂಟರಿನಿಂದ ನೋಡಿದ್ದೇನೆ. ಏನೂ ಒಡೆದಿಲ್ಲ, ಯಾರಿಗೂ ಏಟಾಗಿಲ್ಲ ಎಂದು ಗೊತ್ತಾದ ಕೂಡಲೇ ಎಲ್ಲರೂ ಮತ್ತೆ ರೇಟು ನೋಡಲು ಶುರು ಮಾಡುತ್ತಾರೆ. ನಿಮ್ಮ ಮೂರು ವಾರ ಅವರಿಗೆ ಮೂರು ಸೆಕೆಂಡು.

ಇನ್ನು ಆ ಹೆಂಗಸು. ನೀವು ಬರೆದ ಒಂದು ಸಾಲು ನನಗೆ ಬಹಳ ಹಿಡಿಸಿತು: "ನನಗೆ ಹೇಳಲಿಲ್ಲ, ನನಗೆ ಕೇಳಿಸುವ ಹಾಗೆ ಹೇಳಿದರು." ಲೊಚ್ ಅನ್ನುವ ಸದ್ದಿನ ಗುಟ್ಟೇ ಅದು. ಗೋಪುರ ಬಿದ್ದಾಗ ಹತ್ತಿರ ನಿಂತವರು ಮೊದಲು ಏನು ಮಾಡುತ್ತಾರೆ ಗೊತ್ತಾ? ತಮ್ಮ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಮುಟ್ಟದೇ ಇದ್ದವರೂ ಸಹ. ಅರ್ಧ ಸೆಕೆಂಡು ಅಲ್ಲಿದ್ದವರೆಲ್ಲರ ಮೇಲೂ ಅನುಮಾನ. ಆಗ ಒಬ್ಬರು ಲೊಚಗುಟ್ಟಿದರೆ "ಬೀಳಿಸಿದ್ದು ನಾನಲ್ಲ, ಇವರು" ಎಂದು ಸಾಕ್ಷಿ ಹೇಳಿದ ಹಾಗೆ. ಹೇಳಿದ್ದು ಅಲ್ಲಿದ್ದ ಉಳಿದವರಿಗೆ, ನಿಮಗಲ್ಲ. ನೀವು ಸುಮ್ನೆ ದಾರಿಯಲ್ಲಿ ಸಿಕ್ಕಿದ್ದೀರಿ. ಹೀಗಂದರೆ ಅವರು ಒಳ್ಳೆಯವರಾದರು ಅಂತಲ್ಲ. ಬಗ್ಗಿ ಒಂದು ಡಬ್ಬ ಎತ್ತಿಕೊಟ್ಟಿದ್ದರೂ ಅದೇ ಸಾಕ್ಷಿ ಆಗುತ್ತಿತ್ತು, ಇನ್ನೂ ಚೆನ್ನಾಗಿ.

ಗೋಪುರದ ಬಗ್ಗೆಯೂ ಒಂದು ಮಾತು, ಅದನ್ನು ಬೆಳಗ್ಗೆ ಜೋಡಿಸುವ ಕೈಗಳಲ್ಲಿ ನನ್ನದೂ ಒಂದಾಗಿತ್ತಲ್ಲ. ರ್‍ಯಾಕ್ ಸಾಲು ಮುಗಿಯುವ ತಿರುವಿನಲ್ಲೇ ಅದನ್ನು ನಿಲ್ಲಿಸುತ್ತಾರೆ. ಜನ ಅಲ್ಲಿ ನಿಧಾನ ಮಾಡುತ್ತಾರೆ, ಕಣ್ಣಿಗೆ ಬೀಳುತ್ತದೆ. ಬ್ಯಾಗಿಗೆ ತಗಲುವುದೂ ಅಲ್ಲೇ. ಜೋಡಿಸಿ ಮುಗಿದ ಮೇಲೆ ನಮ್ಮ ಸೂಪರ್‌ವೈಸರ್ ಬಂದು ಮೇಲಿನ ಸಾಲಿನಿಂದ ಒಂದೆರಡು ಡಬ್ಬ ತೆಗೆದಿಡುತ್ತಿದ್ದರು. ಪೂರ್ತಿ ಜೋಡಿಸಿದ ಗೋಪುರ ಮುಟ್ಟಲು ಜನ ಹೆದರುತ್ತಾರಂತೆ. ಯಾರೋ ಆಗಲೇ ತೆಗೆದಿದ್ದಾರೆ ಎಂದು ಕಂಡರೆ ಧೈರ್ಯವಾಗಿ ಕೈ ಹಾಕುತ್ತಾರೆ. ಅಂದರೆ ಮುಟ್ಟಲಿ ಎಂದೇ ಇಟ್ಟದ್ದು. ಮುಟ್ಟಿದಾಗ ಬಿತ್ತು. ಇಬ್ಬರದೂ ಪಾಲಿದೆ.

ಕೊನೆಯದಾಗಿ ನಿಮಗೆ ಸಮಾಧಾನ ಆಗುವ ಸಂಗತಿ. 1982ರಲ್ಲಿ ಗುನ್ ಸೆಮಿನ್ ಮತ್ತು ಆಂಟನಿ ಮ್ಯಾನ್‌ಸ್ಟೆಡ್ ಎಂಬ ಇಬ್ಬರು ಸಂಶೋಧಕರು ಹೆಚ್ಚುಕಡಿಮೆ ನಿಮ್ಮದೇ ಕಥೆಯ ಪ್ರಯೋಗ ಪ್ರಕಟಿಸಿದರು! ಸೂಪರ್ ಮಾರ್ಕೆಟ್‌ನಲ್ಲಿ ಒಬ್ಬ ಗಿರಾಕಿ ಟಾಯ್ಲೆಟ್ ಪೇಪರ್ ರಾಶಿ ಬೀಳಿಸುವ ವಿಡಿಯೋ ತೋರಿಸಿ, ಅವನ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಿದರು. ಒಂದು ವಿಡಿಯೋದಲ್ಲಿ ಅವನು ಮುಜುಗರಪಡುತ್ತಾನೆ, ಇನ್ನೊಂದರಲ್ಲಿ ಏನೂ ಆಗಿಲ್ಲ ಎಂಬಂತೆ ಇರುತ್ತಾನೆ. ನೋಡಿದವರಿಗೆ ಹೆಚ್ಚು ಇಷ್ಟವಾದದ್ದು ಮುಜುಗರಪಟ್ಟವನು. ನಿಮ್ಮ ಮುಖ ಕೆಂಪಾದದ್ದನ್ನು ಯಾರಾದರೂ ನೋಡಿದ್ದರೆ, ಅವರು ನಿಮ್ಮ ಪಕ್ಷವೇ.

ಅದೇ ಅಂಗಡಿಗೆ ಹೋಗಿ. ಬ್ಯಾಗ್ ಮುಂದಕ್ಕೆ ಹಾಕಿಕೊಳ್ಳಿ ಅಷ್ಟೇ.

ಪ್ರಶ್ನೆ: ಬಿಲ್ಲಿಂಗ್ ಹತ್ತಿರ ನನ್ನ ಕಾರ್ಡ್ ಎರಡು ಸಲ ಡಿಕ್ಲೈನ್ ಆಯಿತು. ಖಾತೆಯಲ್ಲಿ ದುಡ್ಡಿತ್ತು. ಹಿಂದಿನಿಂದ "ಉಫ್" ಅಂತ ಒಬ್ಬರು, "ದುಡ್ಡಿಲ್ಲದೆ ಬರ್ತಾರೆ" ಅಂತ ಇನ್ನೊಬ್ಬರು. ನಾನು ತಿರುಗಿ, ದುಡ್ಡಿದೆ ಎಂದು ಫೋನ್ ತೋರಿಸಿಬಿಟ್ಟೆ. ಈಗ ಅದು ನೆನಪಾದರೆ ಇನ್ನೂ ಜಾಸ್ತಿ ನಾಚಿಕೆ.

ಉತ್ತರ: ಫೋನ್ ತೋರಿಸಬೇಕಾಗಿರಲಿಲ್ಲ. ಆದರೆ ತೋರಿಸಿದವರಲ್ಲಿ ನೀವು ಮೊದಲಿಗರಲ್ಲ. ನನ್ನ ಕೌಂಟರಿನಲ್ಲಿ ಒಬ್ಬರು ಪಾಸ್‌ಬುಕ್ಕೇ ತೆಗೆದಿದ್ದರು.

ಕೌಂಟರಿನ ಈಚೆ ಕೂತವರಿಗೆ ಡಿಕ್ಲೈನ್ ಅಂದರೆ ದುಡ್ಡಿಲ್ಲ ಎಂದು ಅನ್ನಿಸುವುದೇ ಇಲ್ಲ. ನೆಟ್‌ವರ್ಕ್ ಇಲ್ಲ, ಪಿನ್ ತಪ್ಪು, ದಿನದ ಮಿತಿ ಮುಗಿದಿದೆ, ಕಾರ್ಡಿನ ಅವಧಿ ಮುಗಿದಿದೆ, ಬ್ಯಾಂಕಿನ ಸರ್ವರ್ ಮಲಗಿದೆ. ಇಷ್ಟು ಕಾರಣ ಮೊದಲು ತಲೆಗೆ ಬರುತ್ತವೆ. ಸಾಮಾನು ಸ್ಕ್ಯಾನ್ ಆಗದಿದ್ದಾಗಲೂ ಹೀಗೇ. 1974ರ ಜೂನ್ 26ರಂದು ಅಮೆರಿಕದ ಟ್ರಾಯ್ ಎಂಬ ಊರಿನ ಸೂಪರ್ ಮಾರ್ಕೆಟ್‌ನಲ್ಲಿ ಒಂದು ಚ್ಯೂಯಿಂಗ್ ಗಮ್ ಪ್ಯಾಕೆಟ್ಟಿನ ಬಾರ್‌ಕೋಡ್ ಸ್ಕ್ಯಾನ್ ಮಾಡಿದಲ್ಲಿಂದ ಇದು ಶುರು. ಇಷ್ಟು ವರ್ಷವಾದರೂ ಪ್ಲಾಸ್ಟಿಕ್ ಸುಕ್ಕಾದರೆ ಮೆಷಿನ್ ಸುಮ್ಮನಾಗುತ್ತದೆ. ಸಾಮಾನ್ಯವಾಗಿ ಬಾರ್‌ಕೋಡಿನಲ್ಲಿ 13 ಅಂಕಿ ಇರುತ್ತವೆ. ಕೊನೆಯದು, ಮೊದಲ 12 ಸರಿಯಿವೆಯಾ ಎಂದು ತಾಳೆ ನೋಡಲು ಇರುವ ಅಂಕಿ. ತಾಳೆ ಆಗದಿದ್ದರೆ ಮೆಷಿನ್ ತಪ್ಪು ಸಾಮಾನು ಬರೆದುಕೊಳ್ಳುವ ಬದಲು ಓದುವುದನ್ನೇ ಬಿಡುತ್ತದೆ. ಒಳ್ಳೆಯ ಬುದ್ಧಿ. ಆದರೆ ಆ "ಪೀಂ" ಸದ್ದು ಬರದ ಹೊತ್ತಿನಲ್ಲಿ ಸಾಲಿನವರು ಮೆಷಿನ್ನನ್ನು ನೋಡುವುದಿಲ್ಲ, ನಿಮ್ಮ ಬೆನ್ನು ನೋಡುತ್ತಾರೆ. ಅವರಿಗೆ ಕಾಣುವುದು ಅದೊಂದೇ.

"ಉಫ್" ಮಾತ್ರ ಕಡಿಮೆ ಮಾಡಬಹುದು. ಕಾಯುವುದರ ಬಗ್ಗೆ 1985ರಲ್ಲಿ ಡೇವಿಡ್ ಮೈಸ್ಟರ್ ಎಂಬವರು ಬರೆದ ಒಂದು ಲೇಖನ ಪ್ರಸಿದ್ಧ. ಯಾಕೆ ಎಂದು ಗೊತ್ತಿಲ್ಲದ ಕಾಯುವಿಕೆ, ಗೊತ್ತಿರುವುದಕ್ಕಿಂತ ಉದ್ದ ಅನ್ನಿಸುತ್ತದೆ ಎಂಬುದು ಅದರ ಒಂದು ಮಾತು. ಇದು ನಾನು ಓದುವ ಮೊದಲೇ ನನಗೆ ಗೊತ್ತಿತ್ತು, ಸುಮ್ನೆ ಜಂಬ ಅಲ್ಲ. ಮೆಷಿನ್ ನಿಂತಾಗ ತಲೆ ತಗ್ಗಿಸಿ ಬಟನ್ ಒತ್ತುತ್ತಿದ್ದರೆ ನಿಟ್ಟುಸಿರು ಜಾಸ್ತಿ ಆಗುತ್ತಿತ್ತು. ತಲೆ ಎತ್ತಿ, ಸಾಲಿನ ಕೊನೆಯವರಿಗೂ ಕೇಳುವ ಹಾಗೆ "ಮೆಷಿನ್ ಬ್ಯಾಂಕಿಗೆ ಕನೆಕ್ಟ್ ಆಗ್ತಿಲ್ಲ, ಎರಡು ನಿಮಿಷ" ಅಂದರೆ ಅರ್ಧ ಜನ ಫೋನ್ ತೆಗೆದು ನೋಡುತ್ತಾ ನಿಲ್ಲುತ್ತಿದ್ದರು. ಬಿಲ್ ಹಾಕುವವರು ಹೇಳದಿದ್ದರೆ ನೀವೇ ಹೇಳಿ. ಒಂದೇ ಸಲ. ಖಾತೆಯಲ್ಲಿ ಎಷ್ಟಿದೆ ಎಂದು ಹೇಳುವುದು ಬೇಡ.

"ದುಡ್ಡಿಲ್ಲದೆ ಬರ್ತಾರೆ" ಅಂದವರಿಗೆ? ಏನೂ ಇಲ್ಲ. ಒಂದು ವೇಳೆ ದುಡ್ಡು ಇಲ್ಲದೇ ಇದ್ದಿದ್ದರೂ ಅದರಲ್ಲಿ ತಪ್ಪೇನು? ನಾಲ್ಕು ಸಾಮಾನು ವಾಪಸ್ ಇಟ್ಟು ಹೋದವರನ್ನು ದಿನವೂ ನೋಡಿದ್ದೇನೆ. ವಾಪಸ್ ಇಡಲು ನಮ್ಮ ಕಾಲ ಹತ್ತಿರ ಒಂದು ಬುಟ್ಟಿಯೇ ಇರುತ್ತಿತ್ತು, ಸಂಜೆಗೆ ತುಂಬುತ್ತಿತ್ತು.

ಪ್ರಶ್ನೆ: ನನ್ನ ಟ್ರಾಲಿ ಮುಂದಿದ್ದ ಹಿರಿಯರ ಹಿಮ್ಮಡಿಗೆ ತಗುಲಿತು. ಸಾರಿ ಕೇಳಿದೆ. ಅವರು ಇನ್ನೂ ಎರಡು ಸಾಲು ದಾಟುವವರೆಗೂ ಗೊಣಗುತ್ತಲೇ ಇದ್ದರು. ಮತ್ತೆ ಹೋಗಿ ಕೇಳಬೇಕಿತ್ತಾ?

ಉತ್ತರ: ಬೇಡ. ಹಿಮ್ಮಡಿಗೆ ಟ್ರಾಲಿ ತಗುಲಿದರೆ ಜೀವ ಹೋದ ಹಾಗಾಗುತ್ತದೆ, ಎರಡು ಸಾಲು ಗೊಣಗಲು ಅವರಿಗೆ ಹಕ್ಕಿದೆ. "ಏಟಾಯ್ತಾ?" ಎಂದು ಕೇಳಿದಿರಾ? ಸಾರಿಗಿಂತ ಅದು ಮುಖ್ಯ.

ಪ್ರಶ್ನೆ: ಗಾಜಿನ ಬಾಟಲಿ ಕೈಜಾರಿ ಒಡೆಯಿತು. ಅಂಗಡಿಯವರು ಬಿಡಿ ಅಂದರು. ಪಕ್ಕದವರು "ಒಡೆದ ಮೇಲೆ ದುಡ್ಡು ಕೊಡೋದು ಮರ್ಯಾದೆ" ಎಂದು ಪಾಠ ಹೇಳಿದರು. ಯಾರು ಸರಿ?

ಉತ್ತರ: ಅಂಗಡಿ ಯಾರದೋ ಅವರು ಸರಿ. ಕೊಡುತ್ತೇನೆ ಎಂದು ನೀವು ಕೇಳಬೇಕು, ಬೇಡ ಅಂದರೆ ಮುಗಿಯಿತು. ನಮ್ಮಲ್ಲಿ ಡ್ಯಾಮೇಜ್ ಪುಸ್ತಕ ಅಂತ ಒಂದಿತ್ತು. ಕೈಜಾರಿ ಒಡೆದದ್ದನ್ನು ಅದರಲ್ಲಿ ಬರೆದು, ನೆಲ ಒರೆಸಿ, ಮುಂದಿನ ಕೆಲಸ ನೋಡುತ್ತಿದ್ದೆವು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮವರೇ ಒಡೆದದ್ದು.

ಹಿಂದೆ ಎಲ್ಲ ಕಡೆ ಕಟ್ಟೆಯ ಆಚೆ ನಿಂತವರೇ ಸಾಮಾನು ತೆಗೆದು ಕೊಡುತ್ತಿದ್ದರು. ಒಡೆದರೆ ಅವರ ಕೈಯಲ್ಲೇ ಒಡೆಯುತ್ತಿತ್ತು. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬವರು ಗಿರಾಕಿಗಳೇ ಒಳಗೆ ಓಡಾಡಿ ಬೇಕಾದ್ದನ್ನು ತೆಗೆದುಕೊಳ್ಳುವ ಅಂಗಡಿ ತೆರೆದರು. ಆ ರೀತಿ ಊರೂರಿಗೆ ಹರಡಿತು. ತೆಗೆದುಕೊಡುವವರ ಸಂಬಳ ಅಂಗಡಿಗೆ ಉಳಿಯಿತು, ಕೈಜಾರುವ ಕೆಲಸ ನಮ್ಮ ಪಾಲಿಗೆ ಬಂತು. ಒಂದು ಬಾಟಲಿಯ ಲೆಕ್ಕ ಇದರಲ್ಲಿ ಎಲ್ಲಿ ಬರುತ್ತದೆ ಹೇಳಿ. ಹಾಂ, ಗಾಜಿನ ಚೂರು ಮಾತ್ರ ಕೈಯಿಂದ ಹೆಕ್ಕಬೇಡಿ. ಅಲ್ಲೇ ನಿಂತು, ಬೇರೆಯವರು ತುಳಿಯದ ಹಾಗೆ ನೋಡಿಕೊಂಡು, ಕೆಲಸದವರನ್ನು ಕರೆಯಿರಿ.

ಪ್ರಶ್ನೆ: ಅಪ್ಪನಿಗೆ 74 ವರ್ಷ. ಚಿಲ್ಲರೆ ಎಣಿಸಿ ಕೊಡುವುದು ಅವರ ಅಭ್ಯಾಸ. ಮೊನ್ನೆ ನಾಣ್ಯ ಕೆಳಗೆ ಬಿದ್ದವು. ಹಿಂದಿದ್ದ ಹುಡುಗ "ಮನೇಲಿ ಇರಬಾರದಾ ಇವರೆಲ್ಲ" ಅಂದ. ಅಪ್ಪ ಕೇಳಿಸಿಕೊಂಡರು. ನಾನು ಏನೂ ಹೇಳಲಿಲ್ಲ. ದಾರಿಯುದ್ದಕ್ಕೂ ಅಪ್ಪನೂ ಮಾತಾಡಲಿಲ್ಲ.

ಉತ್ತರ: ಇಷ್ಟು ಹೊತ್ತು "ಬಿಡಿ, ಬಿಡಿ" ಅಂದೆ. ಇಲ್ಲಿ ಹಾಗೆ ಹೇಳುವುದಿಲ್ಲ. ಡಬ್ಬ ಬಿದ್ದಾಗ ಲೊಚ್ ಅನ್ನುವುದು ಬೇರೆ, ಒಬ್ಬ ಮನುಷ್ಯ ಹೊರಗೇ ಬರಬಾರದು ಅನ್ನುವುದು ಬೇರೆ. ಎರಡನೆಯದಕ್ಕೆ ಉತ್ತರ ಕೊಡಬಹುದು. ಕೂಗಬೇಕಾಗಿಲ್ಲ. "ಇನ್ನೂ ಎಣಿಸ್ತಿದ್ದಾರೆ, ಸ್ವಲ್ಪ ಇರಿ" ಎಂದು ಅವನ ಮುಖ ನೋಡಿ ಹೇಳಿದರೆ ಸಾಕು. ಮುಖ ನೋಡಿ ಹೇಳುವುದು ಮುಖ್ಯ. ಬೆನ್ನ ಹಿಂದೆ ಆಡುವ ಮಾತು ಮುಖದ ಮುಂದೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ಅದಕ್ಕಿಂತ ಮೊದಲು ಬಗ್ಗಿ ನಾಣ್ಯ ಎತ್ತಿಕೊಡಿ, ಅವಸರ ಮಾಡದೆ.

ನೆದರ್ಲೆಂಡ್ಸ್‌ನ ಜುಂಬೋ ಎಂಬ ಸೂಪರ್ ಮಾರ್ಕೆಟ್ ಸಂಸ್ಥೆ 2019ರಲ್ಲಿ ಒಂದು ಅಂಗಡಿಯಲ್ಲಿ "ಹರಟೆ ಕೌಂಟರ್" ಶುರು ಮಾಡಿತು. ಅವಸರ ಇಲ್ಲದವರು, ಎರಡು ಮಾತಾಡಿ ಹೋಗಬೇಕು ಅನ್ನುವವರು ಆ ಸಾಲಿಗೆ ಹೋಗಬಹುದು. ಜನ ಮೆಚ್ಚಿದರು. 2021ರಲ್ಲಿ ಇದನ್ನು 200 ಅಂಗಡಿಗಳಿಗೆ ಹರಡುವುದಾಗಿ ಹೇಳಿದರು. ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಕೌಂಟರಿಗೇ ಬರಬೇಕು ಎಂದು ಉದ್ದದ ಸಾಲಿನಲ್ಲಿ ನಿಲ್ಲುತ್ತಿದ್ದ ಒಬ್ಬ ಅಜ್ಜಿ ಇದ್ದರು. ಅವರ ಚಿಲ್ಲರೆ ಎಣಿಕೆಗೆ ಹಿಂದಿನವರು ಲೊಚಗುಟ್ಟಿದಾಗ, ಎಣಿಸಿದ್ದನ್ನು ನಾನು ಬೇಕಂತಲೇ ಇನ್ನೊಂದು ಸಲ ಎಣಿಸುತ್ತಿದ್ದೆ. ಅದು ಸರಿ ಅಂತ ಹೇಳುತ್ತಿಲ್ಲ.

ಅಪ್ಪನನ್ನು ಮುಂದಿನ ವಾರವೂ ಕರೆದುಕೊಂಡು ಹೋಗಿ. ಗದ್ದಲ ಕಡಿಮೆ ಇರುವ ಹೊತ್ತಿಗೆ ಹೋಗೋಣ ಎಂದು ನೀವಾಗಿಯೇ ಹೇಳಬೇಡಿ, ಅವರು ಹೇಳಿದರೆ ಸರಿ.

ಪ್ರಶ್ನೆ: ನಿಮ್ಮ ಅಂಕಣ ಓದುತ್ತೇನೆ. ಲೊಚಗುಟ್ಟುವವಳು ನಾನೇ. ಬೇಕೆಂದು ಮಾಡುವುದಲ್ಲ, ಬಾಯಿಂದ ಬಂದುಬಿಡುತ್ತದೆ. ಬಿಡುವುದು ಹೇಗೆ?

ಉತ್ತರ: ನೂರು ಪತ್ರದಲ್ಲಿ ಇಂಥದ್ದು ಒಂದೇ ಬಂತು. ನಿಮಗೆ ಒಂದು ನಮಸ್ಕಾರ.

ನಿಮ್ಮ ಲೊಚ್ ಯಾವಾಗ ಬರುತ್ತದೆ ಎಂದು ಒಂದು ವಾರ ಗಮನಿಸಿ. ನನ್ನದು ಬರುತ್ತಿದ್ದದ್ದು ನಾನು ತಪ್ಪು ಸಾಲು ಹಿಡಿದಾಗ. ಮೂರು ಸಾಲಿನಲ್ಲಿ ಒಂದನ್ನು ಆರಿಸಿದ್ದೇನೆ, ಪಕ್ಕದ್ದು ಮುಂದೆ ಹೋಗುತ್ತಿದೆ, ನನ್ನ ಮುಂದಿನವರು ಪರ್ಸ್ ಹುಡುಕುತ್ತಿದ್ದಾರೆ. ಕೋಪ ನಿಜವಾಗಿ ನನ್ನ ಆಯ್ಕೆಯ ಮೇಲೆ, ಸದ್ದು ಮಾತ್ರ ಅವರ ಮೇಲೆ. ಲೆಕ್ಕ ಹಾಕಿ ನೋಡಿ: ಒಂದೇ ಥರದ ಮೂರು ಸಾಲಿದ್ದರೆ ನಿಮ್ಮದೇ ಎಲ್ಲಕ್ಕಿಂತ ಬೇಗ ಹೋಗುವುದು ಮೂರು ಸಲಕ್ಕೆ ಒಂದು ಸಲ. ಉಳಿದ ಎರಡು ಸಲ ಪಕ್ಕದ ಯಾವುದೋ ಸಾಲು ಗೆಲ್ಲುತ್ತದೆ. ಹಣೆಬರಹ ಅಲ್ಲ, ಲೆಕ್ಕ. ಇದು ಗೊತ್ತಾದ ಮೇಲೆ ನನ್ನದು ಅರ್ಧ ಕಡಿಮೆಯಾಯಿತು.

ಇನ್ನರ್ಧಕ್ಕೆ ಮದ್ದು, ಕೈಗೆ ಕೆಲಸ ಕೊಡುವುದು. ಏನಾದರೂ ಬಿದ್ದರೆ ಒಂದನ್ನು ಎತ್ತಿ. ಬಗ್ಗಿದ ಹೊತ್ತಿನಲ್ಲಿ ಲೊಚಗುಟ್ಟಲು ಆಗುವುದಿಲ್ಲ, ಬೇಕಾದರೆ ಈಗಲೇ ಬಗ್ಗಿ ನೋಡಿ. ಬಾಯಿಂದ ಬಂದೇಬಿಟ್ಟಿತು ಅನ್ನಿ, "ಅಯ್ಯೋ, ಪರವಾಗಿಲ್ಲ" ಎಂದು ಹಿಂದೆಯೇ ಸೇರಿಸಿ. ಆಗ ಅದು ಕನಿಕರದ ಲೊಚ್ ಆಗುತ್ತದೆ. ನಮ್ಮ ಲೊಚ್ಚಿಗೆ ಎರಡೂ ಅರ್ಥ ಇದೆ ಅಲ್ವಾ?

ಪ್ರಶ್ನೆ: ಗಮನ ಎಲ್ಲೋ ಇತ್ತು, ಬೇರೆಯವರ ಟ್ರಾಲಿ ತಳ್ಳಿಕೊಂಡು ಹೊರಟುಬಿಟ್ಟೆ. ಅವರು ಓಡಿಬಂದು ಕಿತ್ತುಕೊಂಡು "ಕಣ್ಣು ಕಾಣಲ್ವಾ" ಅಂದರು. ಕಳ್ಳಿಯ ಹಾಗೆ ಆಯಿತು.

ಉತ್ತರ: ಟ್ರಾಲಿಗೂ ನಾಚಿಕೆಗೂ ಮೊದಲಿಂದಲೂ ನಂಟು. 1937ರಲ್ಲಿ ಅಮೆರಿಕದ ಸಿಲ್ವನ್ ಗೋಲ್ಡ್‌ಮನ್ ಎಂಬವರು ತಮ್ಮ ಅಂಗಡಿಗಳಲ್ಲಿ ಗಾಲಿ ಇರುವ ಬುಟ್ಟಿ ತಂದಿಟ್ಟರೆ ಜನ ಮುಟ್ಟಲೇ ಇಲ್ಲವಂತೆ. ಬುಟ್ಟಿ ಹೊರುವ ಶಕ್ತಿ ಇಲ್ಲ ಅಂದುಕೊಂಡಾರು ಎಂದು ಗಂಡಸರಿಗೆ ಅಳುಕು. ಮಗುವಿನ ಗಾಡಿ ತಳ್ಳಿ ಸಾಕಾಗಿದೆ ಎಂದು ಹೆಂಗಸರು. ಕೊನೆಗೆ ಗಿರಾಕಿಗಳ ಹಾಗೆ ಟ್ರಾಲಿ ತಳ್ಳಿಕೊಂಡು ಓಡಾಡಲು ಸಂಬಳ ಕೊಟ್ಟು ಜನ ಇಟ್ಟರು. ಅವರನ್ನು ನೋಡಿ ಉಳಿದವರೂ ಹಿಡಿದರು. ಎಲ್ಲವೂ ಒಂದೇ ಥರ ಇರುವ ಗಾಡಿ ಅದಲುಬದಲು ಆಗುವುದು ಆಶ್ಚರ್ಯವಲ್ಲ. ಹಿಡಿಕೆಗೆ ಒಂದು ಬಣ್ಣದ ಚೀಲ ಕಟ್ಟಿಕೊಳ್ಳಿ.

ನನ್ನ ಕಥೆ ಇನ್ನೂ ಚೆಂದ. ಕೆಲಸ ಮುಗಿಸಿ, ಯೂನಿಫಾರ್ಮ್‌ನಲ್ಲೇ ಮನೆಗೆ ಸಾಮಾನು ಕೊಳ್ಳುತ್ತಿದ್ದೆ. ಯಾರದೋ ಟ್ರಾಲಿ ತಳ್ಳಿಕೊಂಡು ನನ್ನದೇ ಕೌಂಟರಿಗೆ ಹೋದೆ. ಗೆಳತಿ ಬಿಲ್ ಹಾಕುತ್ತಾ ಹೋದಳು. 11 ಸಾಮಾನು ಆಗುವವರೆಗೂ ಇಬ್ಬರೂ ಹರಟೆಯಲ್ಲಿದ್ದೆವು. ಹನ್ನೆರಡನೆಯದು ಮಕ್ಕಳ ಡೈಪರ್. ನಮ್ಮ ಮನೆಯಲ್ಲಿ ಡೈಪರ್ ಹಾಕುವವರು ಯಾರೂ ಇಲ್ಲ. ತಿರುಗಿ ನೋಡಿದರೆ ಟ್ರಾಲಿಯವರು ಹಿಂದೆಯೇ ನಿಂತಿದ್ದಾರೆ. "ಪೂರ್ತಿ ನೀವೇ ಕೊಡ್ತೀರೇನೋ ಅಂತ ಸುಮ್ನಿದ್ದೆ" ಅಂದರು. ಬಿಲ್ ಕ್ಯಾನ್ಸಲ್ ಮಾಡಲು ಮೇಲಿನವರು ಬಂದು ಕೀ ಹಾಕಬೇಕು. ಸಾಲು ಬೆಳೆಯಿತು. ನಾನು ತಲೆ ತಗ್ಗಿಸಿ ನಿಂತಿದ್ದಾಗ ಹಿಂದಿನಿಂದ ಲೊಚ್ ಅನ್ನುವ ಸದ್ದು ಬಂತು. ಯಾರೆಂದು ತಲೆ ಎತ್ತದೆಯೇ ಗೊತ್ತಾಯಿತು. ಕೀ ಹಿಡಿದು ಬರುತ್ತಿದ್ದ ನಮ್ಮ ಸೂಪರ್‌ವೈಸರ್.